ಏರಿಯಾ ಗಣೇಶ

(ಬಾಗಲಗುಂಟೆಯ ಒಂದು ಅಡ್ಡರಸ್ತೆ. ಅಕ್ಟೋಬರ್ ಕೊನೆಯ ಭಾನುವಾರ. ಚೌತಿ ಮುಗಿದು ತಿಂಗಳ ಮೇಲಾಗಿದೆ. ಆದರೆ ನಮ್ಮ ಬಡಾವಣೆಗಳ ಪಂಚಾಂಗವೇ ಬೇರೆ.)

ಹುಡುಗ: ಅಂಕಲ್, ಗಣೇಶನ ಚಂದಾ.

ರಾಯರು: ಹಬ್ಬ ಭಾದ್ರಪದದಲ್ಲೇ ಆಯ್ತಲ್ಲಪ್ಪ!

ಹುಡುಗ: ಅದು ಮನೆ ಗಣೇಶ. ಇದು ಏರಿಯಾ ಗಣೇಶ. ಆರ್ಕೆಸ್ಟ್ರಾದವರು ಡೇಟ್ ಕೊಟ್ಟಿದ್ದೇ ಈಗ.

ರಾಯರು: 1893ರಲ್ಲಿ ತಿಲಕರು ಸಾರ್ವಜನಿಕ ಗಣೇಶೋತ್ಸವ ಮಾಡಿದ್ದು ಜನರನ್ನ ಒಂದುಗೂಡಿಸೋಕೆ ಕಣೋ.

ಹುಡುಗ: ನಾವೂ ಅದಕ್ಕೇ ಅಂಕಲ್. ರಸ್ತೆ ಪೂರ್ತಿ ಬಂದ್. ಗಾಡಿಯವರೆಲ್ಲ ಒಂದೇ ಕಡೆ ಸೇರಿರ್ತಾರೆ.

ರಾಯರು: ಮೂರ್ತಿ ಮಣ್ಣಿಂದು ತಾನೇ? ಪಿಒಪಿ ನಿಷೇಧ ಇದೆ.

ಹುಡುಗ: ಮಣ್ಣಿಂದೇ. ಫ್ಲೆಕ್ಸ್ ಮಾತ್ರ ಪ್ಲಾಸ್ಟಿಕ್. ಅದರಲ್ಲಿ ಗಣೇಶ ಚಿಕ್ಕದು, ನಮ್ಮ ಅಣ್ಣ ದೊಡ್ಡದು.

ರಾಯರು: ಪಕ್ಕದ ಮನೆಯವರು ಎಷ್ಟು ಕೊಟ್ಟರು?

ಹುಡುಗ: ಐನೂರೊಂದು.

ರಾಯರು: (ಒಳಗೆ ತಿರುಗಿ) ಲೇ, ಪಕ್ಕದ್ಮನೆಯವರ ಹೆಸರೇನೇ?

ಹೆಂಡತಿ: ಯಾರಿಗ್ಗೊತ್ತು? ಅವರು ಬಂದು ಆರೇ ವರ್ಷ ಆಗಿರೋದು.

ರಾಯರು: ನಮ್ಮದು ಐನೂರೈವತ್ತೊಂದು ಬರ್ಕೊ. ಮೈಕಲ್ಲಿ ಹೆಸರು ಕೂಗ್ತೀರಾ?

ಹುಡುಗ: ಸಾವಿರ ದಾಟಿದ್ರೆ ಕೂಗ್ತೀವಿ. ಹಂಗೇ ರಾಜ್ಯೋತ್ಸವದ್ದೂ ಕೊಟ್ಬಿಡಿ. ಪೆಂಡಾಲ್ ಅದೇ, ಗಣೇಶನ ಜಾಗದಲ್ಲಿ ಭುವನೇಶ್ವರಿ.

ರಾಯರು: ಹಾಡು?

ಹುಡುಗ: ಅದೂ ಅದೇ.

ರಾಯರು: ರಾಜ್ಯೋತ್ಸವಕ್ಕೂ ತೆಲುಗು ಹಾಡೇ?

ಹುಡುಗ: ಡ್ಯಾನ್ಸ್ ಕನ್ನಡದವರೇ ಮಾಡ್ತಾರೆ ಅಂಕಲ್. ಸ್ಕ್ಯಾನರ್ ಇದೆ, ಫೋನ್ ತರ್ತೀರಾ?