ಗುಟ್ಟಿನ ಗೋಷ್ಠಿ

ಊರೂರಿನ ಸಾಹಿತ್ಯೋತ್ಸವಗಳಲ್ಲಿ ಈಚೆಗೆ ಹೊಸ ತಳಿಯೊಂದು ಕಾಣಿಸಿಕೊಂಡಿದೆ: ಚೊಚ್ಚಲ ಪತ್ತೇದಾರಿ ಕಾದಂಬರಿಕಾರ. ಕವಿಗೆ ಜುಬ್ಬಾ ಇದ್ದ ಹಾಗೆ ಇವರಿಗೆ ಕಪ್ಪು ಅಂಗಿ. ವಿಮರ್ಶಕರಿಗೆ ಹೆಗಲಚೀಲ ಇದ್ದ ಹಾಗೆ ಇವರಿಗೆ ತಮ್ಮದೇ ಪುಸ್ತಕದ ಹತ್ತು ಪ್ರತಿಗಳ ಕಟ್ಟು. ಹಗಲು ಬ್ಯಾಂಕಿನಲ್ಲಿ ಕೆಲಸ, ರಾತ್ರಿ ಕೊಲೆ. ನೋಡಿದರೆ ಇರುವೆಯನ್ನೂ ದಾಟಿಕೊಂಡು ನಡೆಯುವ ಸಾಧುಪ್ರಾಣಿ. ಇಂಥವರ ಬಾಯಿಂದ ತಪ್ಪದೆ ಬರುವ ಒಂದು ವಾಕ್ಯವಿದೆ, ಅದೊಂದನ್ನು ಮಾತ್ರ ಸಹಿಸಲಾಗುವುದಿಲ್ಲ: ‘ಇದು ಬರೀ ಪತ್ತೇದಾರಿ ಕಾದಂಬರಿ ಅಲ್ಲ.’ ಕೊಲೆ ನೆಪವಂತೆ. ಹೇಳಹೊರಟದ್ದು ಜಾಗತೀಕರಣವಂತೆ, ನಗರದ ಒಂಟಿತನವಂತೆ, ಬತ್ತಿದ ಕೆರೆಯಂತೆ. ಕೆರೆಯಲ್ಲಿ ಹೆಣ ತೇಲಬೇಕಾದರೆ ನೀರಾದರೂ ಇರಬೇಡವೆ ಎಂದು ಕೇಳುವಷ್ಟು ಧೈರ್ಯ ಸಭೆಗಿಲ್ಲ. ದೋಸೆ ಹೊಯ್ಯುವವನು ‘ಇದು ಬರೀ ದೋಸೆ ಅಲ್ಲ ಸ್ವಾಮಿ’ ಅಂದರೆ ನಾವು ಕಾವಲಿಯ ಕಡೆ ಅನುಮಾನದಿಂದ ನೋಡುವುದಿಲ್ಲವೆ? 500ಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬರೀ ಪತ್ತೇದಾರನೇ ಆಗಿದ್ದ. ಅವನನ್ನು ಭೂಗೋಳದ ಪುಸ್ತಕದೊಳಗೆ ಬಚ್ಚಿಟ್ಟು ಓದಿದ ಪೀಳಿಗೆಗೆ ಭೂಗೋಳ ಬಾರದೆ ಹೋಯಿತು, ಕನ್ನಡ ಓದುವ ಚಟ ಮಾತ್ರ ಬಿಡಲಿಲ್ಲ.

ಆದರೂ ವಿಚಾರ ಮಾಡಿದರೆ ತಪ್ಪು ಈ ಪಾಪದ ಮನುಷ್ಯನದಲ್ಲ, ಅವನ ಕೈಗೆ ಮೈಕು ಕೊಟ್ಟವರದು. ಕವಿ ಪದ್ಯ ಓದಿ ಪಾರಾಗುತ್ತಾನೆ. ಸಾಮಾಜಿಕ ಕಾದಂಬರಿಕಾರ ಕಥೆ ಪೂರ್ತಿ ಹೇಳಿದರೂ ನಷ್ಟವಿಲ್ಲ. ಇವನೊಬ್ಬನಿಗೆ ಮಾತ್ರ ತಾನು ಪಟ್ಟ ಪಾಡೆಲ್ಲ ಕಡೆಯ ಹತ್ತು ಪುಟಗಳಲ್ಲಿದೆ, ಅದನ್ನು ಹೇಳುವಂತಿಲ್ಲ. ಗುಟ್ಟು ಮುಚ್ಚಿಡುವುದೇ ಕಸುಬಾದವನನ್ನು ಕರೆದು ಮುಕ್ಕಾಲು ಗಂಟೆ ಮಾತಾಡಿಸಿದರೆ ಅವನು ಜಾಗತೀಕರಣದ ಮರೆಗಲ್ಲದೆ ಇನ್ನೆಲ್ಲಿಗೆ ಓಡಬೇಕು? ಅಗಾಥಾ ಕ್ರಿಸ್ಟಿಗೆ ಇದು ಗೊತ್ತಿತ್ತು. 1958ರಲ್ಲಿ ಲಂಡನ್ನಿನ ಪತ್ತೇದಾರಿ ಲೇಖಕರ ಸಂಘವಾದ ಡಿಟೆಕ್ಷನ್ ಕ್ಲಬ್ಬಿನ ಅಧ್ಯಕ್ಷೆಯಾಗಲು ಆಕೆ ಒಪ್ಪಿದ್ದು, ಭಾಷಣ ತನ್ನ ಪಾಲಿಗೆ ಬೇಡ, ಬೇರೊಬ್ಬರು ಮಾಡಲಿ ಎಂಬ ಷರತ್ತಿನ ಮೇಲೆ. ಅದೇ ವರ್ಷ ತನ್ನ ‘ಮೌಸ್‌ಟ್ರ್ಯಾಪ್’ ನಾಟಕದ ಸಂತೋಷಕೂಟಕ್ಕೆ ಹೋದಾಗ, ಗುರುತು ಸಿಗದೆ ಬಾಗಿಲಲ್ಲಿ ತಡೆದರೆ, ‘ನಾನೇ ಬರೆದವಳು’ ಅನ್ನಲಾರದೆ ಹಿಂದೆ ಸರಿದಳು. ನಮ್ಮಲ್ಲಿ ಶಾಲು, ಹಾರ, ಫ್ಲೆಕ್ಸು ಇರುವುದರಿಂದ ಅಂಥ ಅವಕಾಶವೇ ಇಲ್ಲ.

ಕೊನೆಯನ್ನು ಹೇಳುವಂತಿಲ್ಲ ಎಂಬುದಕ್ಕೆ ಆಕ್ಷೇಪವೂ ಉಂಟು. ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆಂದು ಕರಾವಳಿಯ ಮಗುವಿಗೂ ಗೊತ್ತು, ಆದರೂ ಜನ ಬೆಳಗಿನ ಜಾವದವರೆಗೆ ಆಟ ನೋಡುವುದಿಲ್ಲವೆ, ಕೊನೆ ತಿಳಿದರೆ ಕೆಡುವ ಪುಸ್ತಕ ಎಂಥ ಪುಸ್ತಕ ಎಂದು ಪಂಡಿತರು ಕೇಳುತ್ತಾರೆ. ಮಾತು ಸರಿಯೇ. ಆದರೆ ಯಕ್ಷಗಾನದ ಪ್ರೇಕ್ಷಕ ತಿಳಿದೇ ಬಂದವನು. ಪತ್ತೇದಾರಿ ಓದುಗನೋ ತಿಳಿಯದಿರುವ ಸುಖಕ್ಕೇ ದುಡ್ಡು ಕೊಟ್ಟವನು. ಎರಡನೆಯ ಓದಿನಲ್ಲಿ ಜಾಡು ಹಿಡಿಯುವ ಸುಖವಿದೆ ನಿಜ, ಆದರೆ ಮೊದಲನೆಯದನ್ನು ಕಿತ್ತುಕೊಂಡು ನೇರವಾಗಿ ಅದನ್ನು ಬಡಿಸುವುದು ನ್ಯಾಯವಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾಲದಲ್ಲಿ ಹನ್ನೆರಡನೇ ಪುಟದಲ್ಲೇ ಪೆನ್ಸಿಲಿನಿಂದ ‘ಇವನೇ ಕೊಲೆಗಾರ’ ಎಂದು ಬರೆದಿಟ್ಟವರನ್ನು ಯಾವ ಪಂಡಿತರೂ ಕ್ಷಮಿಸಿರಲಾರರು.

ಆ ಪೆನ್ಸಿಲಿನವರೆಲ್ಲ ಈಗ ನಿವೃತ್ತರಾಗಿ ಸಂವಾದದ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಿರೂಪಕರು ‘ಚುಟುಕಾಗಿ ಕೇಳಿ, ಊಟ ರೆಡಿಯಿದೆ’ ಅಂದ ಕೂಡಲೆ ಒಬ್ಬರೆದ್ದು, ‘ಅಷ್ಟು ಒಳ್ಳೆಯ ಕಂಪೌಂಡರ್ ಕೈಯಲ್ಲಿ ಯಾಕೆ ಸಾರ್ ವಿಷ ಹಾಕಿಸಿದಿರಿ?’ ಎಂದು ಕೇಳುವುದು ವಾಡಿಕೆ. ಅಲ್ಲಿಗೆ ಮೂರು ವರ್ಷದ ಶ್ರಮ ಮುಗಿಯಿತು. ಇನ್ನೊಬ್ಬರು ಪೊಲೀಸ್ ಇಲಾಖೆಯಲ್ಲಿ ಇದ್ದವರು. ಅವರಿಗೆ ಮಹಜರಿನಲ್ಲಿ ಪಂಚರ ಸಹಿ ಇಲ್ಲವೆಂಬ ಕೊರಗು. ಜೊತೆಗೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಕೊಲೆಗೆ 302 ಅಲ್ಲ, 103ನೇ ಕಲಮು ಎಂಬ ತಿದ್ದುಪಡಿ. ಕಾದಂಬರಿಯ ಹೆಸರಿನಲ್ಲೇ 302 ಇದ್ದರೆ ಏನು ಮಾಡುವುದು?

ಏನೂ ಮಾಡುವುದಿಲ್ಲ, ಈ ಮನುಷ್ಯ ಕೈಮುಗಿದು ‘ಎರಡನೇ ಮುದ್ರಣದಲ್ಲಿ ತಿದ್ದುತ್ತೇನೆ’ ಅನ್ನುತ್ತಾನೆ. ಎರಡನೇ ಮುದ್ರಣ! ಸಿಟ್ಟು ಕರಗುವುದು ಇಲ್ಲೇ. ಸಭೆ ಊಟದ ಸಾಲಿಗೆ ಸರಿದ ಮೇಲೂ ಇವನು ಪುಸ್ತಕದ ಮಳಿಗೆಯ ಪಕ್ಕ ಪೆನ್ನಿನ ಮುಚ್ಚಳ ತೆಗೆದುಕೊಂಡು ನಿಂತಿರುತ್ತಾನೆ. ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ಎತ್ತಿಕೊಂಡು, ಬೆಲೆ ನೋಡಿ, ನೇರ ಕಡೆಯ ಪುಟಕ್ಕೆ ಕೈಹಾಕುತ್ತಾಳೆ. ‘ಅಯ್ಯೋ, ಬೇಡಮ್ಮ’ ಎಂದು ಅವನು ಕೂಗಿದ್ದು, ಬೆಳಗಿನಿಂದ ಆಡಿದ ಮಾತುಗಳಲ್ಲೆಲ್ಲ ಚೆನ್ನಾಗಿ ಕೇಳಿಸುತ್ತದೆ.