ನವೌಷಧಭೋಕ್ತೃಮೀಮಾಂಸೆ

ಔಷಧರಸಾಯನಶಾಸ್ತ್ರವು ಅಣುವನ್ನು ಕುರಿತು ಬೇಕಾದಷ್ಟು ವಿಚಾರಿಸಿದೆ. ಉಂಗುರಕ್ಕೊಂದು ಕ್ಲೋರಿನ್ ಸೇರಿಸಿದರೇನು, ಮೀಥೈಲ್ ಕಳೆದರೇನು ಎಂಬ ಜಿಜ್ಞಾಸೆಯಲ್ಲೇ ಸಂಪುಟಗಳು ತುಂಬಿವೆ. ಆ ಅಣುವನ್ನು ಮೊದಲು ಬಾಯಿಗೆ ಹಾಕಿಕೊಂಡವರು ಎಷ್ಟು ವಿಧ ಎಂಬುದಕ್ಕೆ ಮಾತ್ರ ಶಾಸ್ತ್ರವಿಲ್ಲ. ಈ ನ್ಯೂನತೆಯ ಪರಿಹಾರಾರ್ಥ ಭೋಕ್ತೃಶಾಸ್ತ್ರವನ್ನು ಇಲ್ಲಿ ಪ್ರತಿಷ್ಠಾಪಿಸಲಾಗಿದೆ.

ಲಕ್ಷಣ: ಯಾರಲ್ಲಿ ನವಸಂಯುಕ್ತವು ಪ್ರವೇಶಿಸುವುದೋ, ಅಥವಾ ಪ್ರವೇಶಿಸಿತೆಂದು ಭಾವಿಸಲ್ಪಡುವುದೋ, ಅವರು ಭೋಕ್ತೃಗಳು. ಅಣುವನ್ನು ಸಂಶ್ಲೇಷಿಸಿದವನು ಸ್ವಭಾವತಃ ಭೋಕ್ತೃವಲ್ಲ, ಅಪವಾದಗಳುಂಟು.

ಪ್ರಥಮ ವರ್ಗ ನಿರ್ಮುಖಭೋಕ್ತೃ: ತಟ್ಟೆಯ ಕುಳಿಗಳಲ್ಲಿರುವ ಕಿಣ್ವ, ಜೀವಕೋಶ ಇತ್ಯಾದಿ. ಬಾಯಿಯಿಲ್ಲ, ದೂರೂ ಇಲ್ಲ. ದ್ವಿತೀಯ ವರ್ಗ ಮೂಷಕಾದಿ: ಬಾಯಿಯಿದೆ, ದೂರು ನಮಗೆ ತಿಳಿಯದು. ಇವೆರಡರಲ್ಲಿ ಮತಭೇದವಿಲ್ಲ.

ತೃತೀಯ ವರ್ಗ ಸ್ವಯಂಭೋಕ್ತೃ, ಅರ್ಥಾತ್ ರಸಾಯನಜ್ಞನೇ. ಇವನು ಜ್ಞಾತ, ಅಜ್ಞಾತ ಎಂದು ದ್ವಿವಿಧ. ಅಜ್ಞಾತನಿಗೆ ವಾಹನಭೇದದಿಂದ ಮೂರು ಉಪಭೇದಗಳು. (ಅ) ಅನ್ನವಾಹನ: 1879ರಲ್ಲಿ ಫಾಲ್‌ಬರ್ಗ್ ಕೈ ತೊಳೆಯದೆ ಊಟಕ್ಕೆ ಕೂತ, ರೊಟ್ಟಿ ಸಿಹಿಯಾಯಿತು, ಸ್ಯಾಕರಿನ್. (ಆ) ಧೂಮವಾಹನ: 1937ರಲ್ಲಿ ಜ್ವರದ ಔಷಧವನ್ನು ಅರಸುತ್ತಿದ್ದ ಸ್ವೇಡಾನ ಸಿಗರೇಟು ಸಿಹಿಯಾಯಿತು, ಸೈಕ್ಲಮೇಟ್. (ಇ) ಪತ್ರವಾಹನ: 1965ರಲ್ಲಿ ಹೊಟ್ಟೆಹುಣ್ಣಿನ ಔಷಧದಲ್ಲಿ ತೊಡಗಿದ್ದ ಶ್ಲಾಟರ್ ಕಾಗದ ಎತ್ತಲು ಬೆರಳು ನೆಕ್ಕಿದ, ಆಸ್ಪರ್ಟೇಮ್. ಮೂರೂ ಸಿಹಿಯಾದುದರಿಂದ ಅಜ್ಞಾತಭೋಗವೆಲ್ಲ ಮಧುರಫಲಪ್ರದವೆಂದು ಕೆಲವರು ಊಹಿಸಿಯಾರು. ಅದು ಅತಿವ್ಯಾಪ್ತಿದೋಷ. ಕಹಿ ಹತ್ತಿದವರು ಉಗಿದು, ಕೈ ತೊಳೆದು, ಸುಮ್ಮನಾಗಿರಬೇಕು. ಅವರಿಗಾಗಿ (ಈ) ನಿರ್ದಾಖಲ ಎಂಬ ಉಪಭೇದವನ್ನು ತೆರೆದಿಡಲಾಗಿದೆ. ಇದೇ ಬಹುಸಂಖ್ಯಾತವೆಂದು ನಮ್ಮ ಅಭಿಪ್ರಾಯ.

ಆಲ್ಬರ್ಟ್ ಹಾಫ್‌ಮನ್ 1943ರ ಏಪ್ರಿಲ್ 16ರಂದು ಎಲ್‌ಎಸ್‌ಡಿಗೆ ಅಜ್ಞಾತಭೋಕ್ತೃವಾಗಿದ್ದು, 19ರಂದು 250 ಮೈಕ್ರೋಗ್ರಾಮ್ ಸೇವಿಸಿ ಜ್ಞಾತನಾದ. ಇದಕ್ಕೆ ಭೋಕ್ತೃಸಂಕ್ರಮಣವೆಂದು ಹೆಸರು. ಅವನು ಮನೆಗೆ ಹೋದದ್ದು ಸೈಕಲ್ಲಿನಲ್ಲಿ. ಅದು ಭೋಕ್ತೃವಿನ ವಾಹನ, ಔಷಧದ್ದಲ್ಲ. ಮೇಲಿನ ವಾಹನಭೇದದೊಡನೆ ಸಂಕರ ಸಲ್ಲದು.

ಚತುರ್ಥ ವರ್ಗ ಮಿಥ್ಯಾಭೋಕ್ತೃ. ಹುಸಿಮಾತ್ರೆ ನುಂಗುವವನು. ಏನನ್ನೂ ಭೋಗಿಸದೆಯೂ ತಲೆನೋವೆನ್ನುವುದುಂಟು. ಆ ತಲೆನೋವು ಮಿಥ್ಯೆಯಲ್ಲ; ಆದುದರಿಂದ ಅದನ್ನೂ ದಾಖಲಿಸತಕ್ಕದ್ದು.

ಪಂಚಮ ವರ್ಗ ದತ್ತಭೋಕ್ತೃ. ಇದರ ಮೂಲೋದಾಹರಣೆಗೆ ಧರ್ಮಪುರಿಯ ಬಳಿಯ ಅದಿಯಮಾನ್‌ಕೋಟೆಗೇ ಬರಬೇಕು. ಊರಿಗೆ ಹೆಸರಿತ್ತ ಅರಸ, ತಗಡೂರಿನ ಅದಿಯಮಾನ್ ನೆಡುಮಾನ್ ಅಂಜಿ, ಆಯುಷ್ಯವರ್ಧಕವಾದ ದುರ್ಲಭ ನೆಲ್ಲಿಯ ಹಣ್ಣನ್ನು ತಾನು ತಿನ್ನದೆ, ಗುಣವನ್ನು ಮುಚ್ಚಿಟ್ಟು, ಕವಯಿತ್ರಿ ಔವೈಯಾರ್‌ಗೆ ಕೊಟ್ಟನೆಂಬುದು ಸಂಗಂ ಸಾಹಿತ್ಯಪ್ರಸಿದ್ಧ. ದಾನವೆಂದು ಲೋಕ ಕೊಂಡಾಡಿದೆ. ಶಾಸ್ತ್ರವು ಹಾಗೆ ಕೊಂಡಾಡಲಾರದು. ಗುಣ ಮುಚ್ಚಿಟ್ಟಲ್ಲಿ ತಿಳಿವಳಿಕೆಪೂರ್ವಕ ಸಮ್ಮತಿ ಅಸಿದ್ಧ. ಆಶ್ರಿತಕವಿ ಅಧಿಕಾರಶ್ರೇಣಿಯ ಕೆಳಗಿರುವುದರಿಂದ ದುರ್ಬಲವರ್ಗಕ್ಕೆ ಸೇರತಕ್ಕವಳು. ಅಂಥವರಿಗೆ ಹೊಸ ಅಣುವನ್ನು ಕೊಡುವಾಗ ಭಾರತದ 2019ರ ಔಷಧಪ್ರಯೋಗ ನಿಯಮಗಳ ಪ್ರಕಾರ ಸಮ್ಮತಿಯ ದೃಶ್ಯ-ಶ್ರವ್ಯ ಮುದ್ರಣ ಅಗತ್ಯ. ಇಲ್ಲಿ ಲಭ್ಯವಿರುವುದು ಪದ್ಯ ಮಾತ್ರ, ಅದೂ ಸೇವನಾನಂತರದ್ದು.

ಅನುಪಾನವೂ ವಿಚಾರಣೀಯ. ಬಸ್ ನಿಲ್ದಾಣದ ಗಾಡಿಯವರು ನೆಲ್ಲಿಕಾಯಿಗೆ ಉಪ್ಪು-ಖಾರ ಸವರಿ ಕೊಡುತ್ತಾರೆ. ಮೇಲೆ ನೀರು ಕುಡಿದರೆ ನೀರೇ ಸಿಹಿ. ಔವೈಗೆ ಉಪ್ಪು ಸಿಕ್ಕಿತೇ, ನೀರು ಕುಡಿದಳೇ ಎಂಬುದು ಪದ್ಯದಲ್ಲಿಲ್ಲ.

ಇನ್ನು ಫಲನಿರ್ಣಯ. ತಿನ್ನದೆ ಉಳಿದವನು ಅದಿಯಮಾನ್ ಒಬ್ಬನೇ ಆದುದರಿಂದ ತುಲನಾಗಣವೂ ಅವನೇ. ಚೇರರು ತಗಡೂರಿಗೆ ಮುತ್ತಿಗೆ ಹಾಕಿದರು. ಅರಸ ಯುದ್ಧದಲ್ಲಿ ಮಡಿದ, ಔವೈ ಉಳಿದು ಅವನಿಗೆ ಚರಮಗೀತೆ ಹಾಡಿದಳು. ಮೇಲ್ನೋಟಕ್ಕೆ ಫಲಶ್ರುತಿ ಸ್ಪಷ್ಟ: ತಿಂದವಳು ಬದುಕಿದಳು, ತಿನ್ನದವನು ತೀರಿಕೊಂಡ. ಆದರೆ ಆಯುಧದ ಗಾಯವು ಪರೀಕ್ಷ್ಯಪದಾರ್ಥಕ್ಕೆ ಅಸಂಬದ್ಧವಾದ ಮರಣಕಾರಣ. ನಿಯಮಾನುಸಾರ ಅದಿಯಮಾನ್‌ನನ್ನು ವಿಶ್ಲೇಷಣೆಯಿಂದ ಕೈಬಿಡಲಾಗಿದೆ.