ದಾಖಲಿತ ವ್ಯಾಪ್ತ್ಯತಿರಿಕ್ತ ಪಿಪೀಲಿಕಾನ್ವೇಷಣೆ: ಒಂದು ಪರಿಕಲ್ಪನಾತ್ಮಕ ಚೌಕಟ್ಟಿನ ಕಡೆಗೆ

ಪ್ರಸ್ತುತ ಪ್ರಬಂಧವು ಇರುವೆಯನ್ನು ಕುರಿತದ್ದಲ್ಲ, ಇರುವೆಯ ವ್ಯಾಪ್ತಿಯನ್ನು ಕುರಿತದ್ದು. ಇರುವೆಯನ್ನು ಯಾರು ಬೇಕಾದರೂ ನೋಡಬಹುದು. ವ್ಯಾಪ್ತಿ ಕಾಣಸಿಗುವುದು ವಿಚಾರ ಸಂಕಿರಣಗಳಲ್ಲಿ ಮಾತ್ರ. ಯಾವ ಊರಿನಲ್ಲಿ ಇರುವೆ ಇದೆಯೆಂದು ಈಗಾಗಲೇ ಅಚ್ಚಾಗಿದೆಯೋ ಆ ಊರೇ ಅದರ ದಾಖಲಿತ ವ್ಯಾಪ್ತಿ. ಅಚ್ಚಾಗದ ಊರಿನಲ್ಲಿ ಅದು ನಿಮ್ಮ ಕಾಲು ಕಚ್ಚಿದರೆ ಆ ಉರಿಯನ್ನು ‘ಪರಿಶೀಲನಾರ್ಹ ಸಂವೇದನೆ’ ಎನ್ನತಕ್ಕದ್ದು.

ವ್ಯಾಪ್ತಿ ಏಳು ವಿಧ.

ಮೊದಲನೆಯದು ವರ್ಗಾವಣಾಜನ್ಯ ವ್ಯಾಪ್ತಿ. ಬ್ರಿಟಿಷ್ ಇಂಡಿಯಾದ ಇರುವೆಗಳ ಬಗ್ಗೆ ಬಿಂಗ್‌ಹ್ಯಾಮ್ 1903ರಲ್ಲಿ ಸಂಪುಟ ತಂದಾಗ ಅವನಿಗೆ ಒದಗಿದ್ದು ಸರ್ಕಾರಿ ನೌಕರರು ಹೆಕ್ಕಿದ ಮಾದರಿಗಳು. ರಾಟನ್ ಅರಣ್ಯಾಧಿಕಾರಿ. ಏಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವನು. ಕಾರವಾರದ ಬೆಲ್ ಕೂಡ ಅರಣ್ಯ ಇಲಾಖೆಯವನೇ. ಸಾಹೇಬರಿಗೆ ಎಲ್ಲಿಗೆ ವರ್ಗವಾಯಿತೋ ಇರುವೆಯೂ ಅಲ್ಲಿಯವರೆಗೆ ಹಬ್ಬಿತು. ಪುಣ್ಯಾತ್ಮರು, ಕಚೇರಿ ಕೆಲಸದ ನಡುವೆ ಬಗ್ಗಿ ನೆಲ ನೋಡಿದರು. ಅವರು ಕ್ಯಾಂಪ್ ಹಾಕದ ಕಣಿವೆಯಲ್ಲಿ ಇರುವೆಯೇ ಇಲ್ಲವೆಂದು ತೀರ್ಮಾನಿಸಿದವರು ಆಮೇಲಿನವರು.

ಎರಡನೆಯದು ರಾಜ್ಯಪುನರ್ವಿಂಗಡಣಾತ್ಮಕ ವ್ಯಾಪ್ತಿ. ಭಾರತದ ಇರುವೆಗಳ 2016ರ ಪಟ್ಟಿ 828 ಪ್ರಭೇದ, ಉಪಪ್ರಭೇದಗಳನ್ನು ರಾಜ್ಯವಾರು ಕೊಡುತ್ತದೆ. ಕಷ್ಟಪಟ್ಟು ಮಾಡಿದ ಕೆಲಸ. ಅದನ್ನು ಪಡಿತರ ಚೀಟಿಯಂತೆ ಬಳಸುವವರ ಬಗ್ಗೆಯೇ ತಕರಾರು. ಕಾರವಾರದ ಇರುವೆ 1956ರ ನವೆಂಬರ್ 1ರಂದು ಗೂಡು ಬಿಟ್ಟು ಕದಲದೆಯೇ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದಿತು. ಅದೇ ದಿನ ಕಾಸರಗೋಡಿನದು ಕೇರಳದ್ದಾಯಿತು. ಇವತ್ತು ತಲಪಾಡಿಯಲ್ಲಿ ಗೊದ್ದವೊಂದು ಅನ್ನದ ಅಗುಳು ಕಚ್ಚಿಕೊಂಡು ಗಡಿ ದಾಟಿದರೆ, ಆಚೆ ಬದಿಯಲ್ಲಿ ಅದು ‘ರಾಜ್ಯಕ್ಕೆ ಪ್ರಥಮ ದಾಖಲೆ’ ಆಗುವ ಸಂಭವವಿದೆ.

ಮೂರನೆಯದು ಜೀಪಾನುಸಾರಿ ವ್ಯಾಪ್ತಿ: ಟಾರು ರಸ್ತೆ ಮುಗಿದಲ್ಲಿ ಪ್ರಭೇದವೂ ಮುಗಿಯುತ್ತದೆ. ಉಳಿದ ನಾಲ್ಕನ್ನು ಬಿಡೋಣ. ಏಳು ಎಂದರೆ ಪ್ರಬಂಧಕ್ಕೆ ತೂಕ ಬರುತ್ತದೆ, ಅಷ್ಟೆ.

ಒಂದು ಗೋಷ್ಠಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕಾಡಂಚಿನ ತೋಟದಲ್ಲಿ ಸಿಕ್ಕ ಜಿಗಿಯುವ ಇರುವೆಯನ್ನು ಸೀಸೆಯಲ್ಲಿ ತಂದಿದ್ದಳು. ಜರ್ಡನ್ 1851ರಲ್ಲಿ ವಿವರಿಸಿದ ಹಾರ್ಪೆಗ್ನೇಥಸ್ ಸಾಲ್ಟೇಟರ್. ತಲೆಯ ಮುಂಭಾಗದಲ್ಲೇ ದೊಡ್ಡ ಕಣ್ಣು, ಮೇಲಕ್ಕೆ ಬಾಗಿದ ಉದ್ದನೆಯ ದವಡೆ. ಸಾಲು ಕಟ್ಟದೆ ಒಂಟಿಯಾಗಿ ಬೇಟೆಗೆ ಹೊರಟು ಹಾರಿ ಹಿಡಿಯುವ ಜೀವ. ಒಮ್ಮೆ ನೋಡಿದವರಿಗೆ ಗುರುತು ತಪ್ಪುವಂಥದ್ದಲ್ಲ. ಅಧ್ಯಕ್ಷರು ಸೀಸೆಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. “ಆ ತಾಲ್ಲೂಕಿನಿಂದ ದಾಖಲೆ ಇಲ್ಲವಲ್ಲಮ್ಮ, ಗುರುತಿಸುವುದರಲ್ಲೇ ಎಡವಿದ್ದೀಯ” ಎಂದರು. ದಾಖಲೆ ಇಲ್ಲ, ಆದ್ದರಿಂದ ದಾಖಲಿಸುವಂತಿಲ್ಲ. ದಾಖಲಿಸಿಲ್ಲ, ಆದ್ದರಿಂದ ದಾಖಲೆ ಇಲ್ಲ. ಆಮೇಲೆ ಅಧ್ಯಕ್ಷರಿಗೆ ಶಾಲು, ಹಾರ, ಫಲತಾಂಬೂಲ.

ಇತ್ತ ಅಮೆರಿಕ ಖಂಡದ ಬೆಂಕಿ ಇರುವೆ ಸೊಲೆನಾಪ್ಸಿಸ್ ಜೆಮಿನೇಟಾ ಯಾರ ಚೌಕಟ್ಟಿಗೂ ಕಾಯದೆ ಸಮುದ್ರ ದಾಟಿ ಬಂದು ನಮ್ಮ ಹೊಲಗಳಲ್ಲಿ ನೆಲೆಯೂರಿದೆ. ನರ್ಸರಿ ಕುಂಡದ ಮಣ್ಣಿನಲ್ಲಿ ಇರುವೆಗಳು ರಾಣಿ, ಮೊಟ್ಟೆ ಸಮೇತ ಲಾರಿ ಏರಿ ಊರೂರು ಸೇರುತ್ತವೆ. ಕುಂಡ ಕೆಳಗಿಳಿಸುವಾಗ ತಳ ತಿರುಗಿಸಿ ನೋಡುವವರಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಗುಡ್ಡ ಅಗೆಯುವ ಮುಂಚೆ ಬರುವ ವರದಿಯಲ್ಲೂ ಇದೇ ಭಾಷೆ: ‘ಯೋಜನಾ ಪ್ರದೇಶದಲ್ಲಿ ವಿಶೇಷ ಪ್ರಭೇದಗಳ ದಾಖಲೆ ಇರುವುದಿಲ್ಲ.’ ಹುಡುಕಿದವರು ಯಾರು ಸ್ವಾಮಿ? ತರಗೆಲೆ ಜರಡಿ ಹಿಡಿದವರುಂಟೆ? ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಹೋದವರುಂಟೆ? ಹುಡುಕದೆಯೇ ಇಲ್ಲವೆಂದು ಬರೆದು ಮೊಹರು ಒತ್ತುತ್ತಾರೆ, ಮರುವಾರ ಜೆಸಿಬಿ ಬರುತ್ತದೆ. ಆ ಮೇಲುಮಣ್ಣಿನಲ್ಲಿ ಏನೇನಿತ್ತು ಎಂದು ಇನ್ನು ಯಾವ ಪಂಡಿತನೂ ಹೇಳಲಾರ. ಮಲೆನಾಡಿನಲ್ಲಿ ಚಗಳಿ ಇರುವೆಯ ಕೊಟ್ಟೆ ಇಳಿಸಿ ಚಟ್ನಿ ಅರೆಯುವವರಿಗೆ ಯಾವ ಮರದಲ್ಲಿ ಯಾವ ತಿಂಗಳು ಗೂಡು ಎಂಬುದು ಗೊತ್ತು. ಅವರನ್ನು ಒಂದು ಮಾತು ಕೇಳಿದ ವರದಿಯನ್ನು ನಾನು ಇದುವರೆಗೆ ಓದಿಲ್ಲ.

ಆದ್ದರಿಂದ ಓದುಗರಲ್ಲಿ ಕೋರಿಕೆ ಇಷ್ಟು. ಕಂಡರಿಯದ ಇರುವೆ ಕಂಡರೆ ಹತ್ತಿರದಿಂದ ಫೋಟೊ ತೆಗೆಯಿರಿ. ಊರು, ದಿನಾಂಕ, ಗೂಡು ಮಣ್ಣಿನಲ್ಲೋ ಮರದಲ್ಲೋ, ಮೂರನ್ನೂ ಬರೆದಿಡಿ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದವರಿಗೆ ತೋರಿಸಿ. ದಾಖಲೆ ಇಲ್ಲ ಎಂದರೆ, ಈಗ ಮಾಡಿಕೊಳ್ಳಿ ಎನ್ನಿ.